ಗುರುವಾರ ಸಂಜೆಯೊಳಗೆ

ಕುನ್ಮಿಂಗಿನ ಆರನೇ ಮಹಡಿಯ ಅಡುಗೆಮನೆ.
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದ ನಾನು,
ಕೋಳಿಗಿಂತ ಮೊದಲೇಳುವ ಅಜ್ಜ,
ನಡುವೆ ಒಂದು ನಕ್ಷೆ.

ನಕ್ಷೆಯೆಂದರೆ ನೂಡಲ್ಸ್ ಅಂಗಡಿಯ ಬಿಲ್ಲಿನ ಬೆನ್ನು.
ಅದರ ಮೇಲೊಂದು ಮೆಣಸಿನೆಣ್ಣೆಯ ಕಲೆ.
‘ಇದು ಅರ್‌ಹಾಯ್ ಸರೋವರ ಅಂತಿಟ್ಟುಕೋ’
ಎಂದವನು ಪೆನ್ಸಿಲು ನೆಕ್ಕಿ ಬಡಗಣಕ್ಕೆ ಹೊರಟ.

ಹೋಗಬೇಕಾದದ್ದು ಶಾಶಿಗೆ.
ಬೆಟ್ಟಗಳ ಬೊಗಸೆಯಲ್ಲಿ ಚೆಲ್ಲದೆ ಉಳಿದ
ಹಳೇ ಸಂತೆಪೇಟೆಗೆ.

ದಾಲಿಯವರೆಗೆ ರೈಲು, ಎರಡು ತಾಸು.
ಅಲ್ಲಿಂದ ಬಸ್ಸು, ಆಮೇಲೆ
ಮಂದಿ ತುಂಬುವ ತನಕ ಹೊರಡದ ವ್ಯಾನು.
ಒಟ್ಟು ಐದೂವರೆ ಎನ್ನುತ್ತದೆ ಫೋನು.

‘ಐದೂವರೆ ತಾಸಿಗೆ’, ಅಜ್ಜ ಬೆರಳು ಮಡಚುತ್ತಾನೆ,
‘ಹೇಸರಗತ್ತೆಯ ಗೊರಸು ನೋಡಿ, ಹೇರು ಬಿಗಿದು,
ಮೊದಲ ಏರು ಹತ್ತಿ
ಚಹಾಕ್ಕೆ ಕಲ್ಲು ಹೂಡುತ್ತಿದ್ದೆವು. ಅಷ್ಟೇ.’

ಆಗ ಅವನಿಗೆ ಹನ್ನೆರಡು.
ಚ್ಯಾವ್‌ಹೌ ಉಪ್ಪಿನ ಬಾವಿಯಿಂದ ಸಂತೆಗೆ
ಉಪ್ಪಿನಚ್ಚು ಹೊತ್ತ ಎಂಟು ಪ್ರಾಣಿ, ಮೂವರು ಗಂಡಸರು,
ಬಾಲದ ಕಡೆಗೆ ಇವನು.
ಇವತ್ತಿಗೂ ದೂರವನ್ನು ಅವನು ಅಳೆಯುವುದು ಹಾಗೆಯೇ:
ಒಂದು ಚಿಲುಮೆ ದೂರ, ಒಂದು ಕೂಗು ದೂರ,
ಲಾಳವೊಂದು ಸವೆದು ಕಳಚುವಷ್ಟು ದೂರ.
ನಮ್ಮ ಮನೆಯಿಂದ ಮೆಟ್ರೋ ನಿಲ್ದಾಣ ಅರ್ಧ ಚಿಲುಮೆ.

ಉಳಿಯುವುದೆಲ್ಲಿ? ಫೋನು ತೋರಿಸುತ್ತದೆ:
ಮುಂಚೆ ಲಾಯ, ಈಗ ಅತಿಥಿಗೃಹ,
ರಾತ್ರಿಗೆ ನಾನ್ನೂರ ಎಂಬತ್ತು ಯುವಾನ್, ತಿಂಡಿ ಸೇರಿ.
ಗೋದಲಿಯ ತುಂಬ ಈಗ ಜೆರೇನಿಯಂ ಹೂವು.

ಅಜ್ಜ ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿದ,
ಹಿಗ್ಗಿಸಿದ, ಒಂದು ಕಂಬ ಮಂಜುಮಂಜಾಗಿ
ಪರದೆ ತುಂಬುವ ತನಕ.
‘ಹೂಮೂತಿಯನ್ನು ಕಟ್ಟುತ್ತಿದ್ದದ್ದು ಇದಕ್ಕೇ.
ಮೇಲೆ ಅಟ್ಟ, ಅಟ್ಟದಲ್ಲಿ ಹುಲ್ಲು, ಹುಲ್ಲಲ್ಲಿ ನಾನು.
ಬಾಡಿಗೆ ಒಂದು ಹಿಡಿ ಉಪ್ಪಿನ ಪುಡಿ.
ಕೇಳು ಅವರನ್ನ, ಕಂಬಕ್ಕೆ ಹಲ್ಲಿನ ಗುರುತಿದೆಯಾ?’

ಬೆಳಿಗ್ಗೆ ಏಳಕ್ಕೆ ಯಾರನ್ನಾದರೂ ಎಬ್ಬಿಸಿ
ಹೀಗೆ ಕೇಳುವುದು ಹೇಗೆ?
ಕೇಳಿದೆ. ಮಾಲಕಿ ಲ್ಯೂ ರುವೊಶಿ, ಷಿಯಾಮೆನ್ ಕಡೆಯವಳು,
ಚಪ್ಪಲಿ ಸಪ್ಪಳ ಅಂಗಳ ದಾಟಿತು, ನಿಂತಿತು.
ತುಂಬ ಹೊತ್ತು ನಿಂತಿತು.
‘ಎದೆಯೆತ್ತರಕ್ಕೆ ಇದೆ, ಸಾಲಾಗಿ.
ನಾವು ಕೆತ್ತನೆ ಅಂದುಕೊಂಡಿದ್ದೆವು.
ಹೋದ ವರ್ಷವಷ್ಟೇ ವಾರ್ನಿಷ್ ಹೊಡೆಸಿದೆವು.’

ಅಜ್ಜ ನಗುತ್ತಾನೆ ಅಂದುಕೊಂಡೆ.
ಅವನು ಎದ್ದು ಹೋಗಿ ಪೆಟ್ಟಿಗೆ ಕೆದಕಿದ.
ತಂದದ್ದು ಅಂಗೈಯಗಲದ ದುಂಡು ಕನ್ನಡಿ,
ಪಾದರಸ ಎದ್ದುಹೋಗಿ ಅಂಚೆಲ್ಲ ಕಪ್ಪು.
ಮುಂದಾಳು ಪ್ರಾಣಿಯ ಹಣೆಗೆ ಕಟ್ಟುವುದಂತೆ,
ಎದುರು ಬರುವ ಪಿಶಾಚಿ ತನ್ನ ಮುಖ ಕಂಡು
ತಾನೇ ಹೆದರಿ ದಾರಿ ಬಿಡಲಿ ಅಂತ.
‘ಸಾಮಾನಿನ ಪಟ್ಟಿಗೆ ಬರಿ’ ಅಂದ.

ಬರೆದೆ. ಮಂಡಿಯ ಮುಲಾಮು, ರಕ್ತದೊತ್ತಡದ ಗುಳಿಗೆ,
ಉಸಿರು ಸಾಕೋ ಸಾಲದೋ ಹೇಳುವ ಬೆರಳ ಚಿಮಟ,
ದಪ್ಪ ಕೋಟು, ಕನ್ನಡಿ.

ದಿನ? ಸಂತೆ ಶುಕ್ರವಾರ.
ಗುರುವಾರ ಬಿಸಿಲಿಳಿಯುವ ಮುಂಚೆ
ಕಲ್ಲುಕಮಾನಿನ ಸೇತುವೆಯ ಮೇಲಿರಬೇಕಂತೆ.
ತಡವಾದರೆ ಒಳ್ಳೇ ಮೇವೆಲ್ಲ
ಬೇರೆಯವರ ಪಾಲು.
ಯಾವ ಮೇವು ಅಂತ ನಾನು ಕೇಳಲಿಲ್ಲ.
ಗುರುವಾರ ನನಗೆ ಪಾಳಿಯಿದೆ.
ಶೂ ಚಿಯೌಯಿ ಬದಲಾಗಿ ನಿಲ್ಲುತ್ತಾಳೆ,
ಒಂದು ಕಟ್ಟು ಒಣ ಅಣಬೆಗೆ ಒಪ್ಪಿದ್ದಾಳೆ.
ಚೌಕಾಸಿಯಲ್ಲಿ ಅವಳು ಸಂತೆಯವಳೇ.

‘ಕಿಟಕಿ ಪಕ್ಕದ ಸೀಟಾ ಅಜ್ಜ? ಆದರೆ
ದಾರಿಯುದ್ದಕ್ಕೂ ಸುರಂಗ, ಏನೂ ಕಾಣೋದಿಲ್ಲ.’
‘ಕಾಣದಿದ್ದರೇನು, ಬೆಟ್ಟದ ಒಳಗೇ ಹೋಗ್ತೀವಲ್ಲ.
ನಮ್ಮ ನೆತ್ತಿಯ ಮೇಲೆ ಯಾರದೋ ಸಾಲು
ಏರು ಹತ್ತುತ್ತಿರುತ್ತೆ. ಗಂಟೆ ಕೇಳಿಸಿದರೆ ಹೇಳು,
ನನ್ನ ಎಡಗಿವಿ ಮಂದ.’

ಎರಡು ಸೀಟು, ಬಲಗಿವಿ ಗಾಜಿಗೆ ಬರುವ ಹಾಗೆ.
ಹಣ ಕಟ್ಟಿ ತಲೆಯೆತ್ತಿದರೆ
ಅವನಾಗಲೇ ಕೋಟು ತೊಟ್ಟು ಕೂತಿದ್ದಾನೆ.
ಇವತ್ತಿನ್ನೂ ಸೋಮವಾರ.