ಬುಡಮೇಲಾದ ಸಾಲು

ಪೆಯ್ಪ್ಸಿ ಸರೋವರದ ಮಂಜುಗಡ್ಡೆ ಒಡೆದು
ಗಾಜಿನ ಚೂರಾಗಿ ದಡಕ್ಕೆ ಬಿದ್ದ ವಾರ
ಲುಕೇರ್ಯ ಒಲೆಯ ಮೇಲಿನ ಅಟ್ಟದಿಂದ ಚೀಲ ಇಳಿಸಿದಳು.
ಚಳಿಗಾಲವೆಲ್ಲ ಬೆಚ್ಚಗೆ ಮಲಗಿದ್ದವು
ಗೋಲಿ ಗಾತ್ರದ ಈರುಳ್ಳಿ ಮರಿಗಳು.
ತಣ್ಣಗಿಟ್ಟರೆ ಅವಕ್ಕೆ ಹೂವಿನ ಆಸೆ ಹುಟ್ಟುತ್ತದಂತೆ,
ಗಡ್ಡೆಯಾಗುವುದು ಮರೆತೇಹೋಗುತ್ತದಂತೆ.

ಮೊಣಕಾಲೆತ್ತರದ ಮಡಿ. ಕಪ್ಪು ಮಣ್ಣು.
ಒಂದೊಂದರ ಒಣಗಿದ ತುದಿ ಕತ್ತರಿಸುತ್ತಾಳೆ,
ಹುಳುವೆಂದು ಕಾಗೆ ಕಿತ್ತೆಸೆಯದಿರಲೆಂದು.
"ಬೇರು ಕೆಳಗೆ. ಹೆಗಲವರೆಗೆ ಮಣ್ಣು. ತಲೆ ಆಚೆ,"
ಅಂದಳು ಅನಿಸಿಮ್‌ಗೆ.
ನಲವತ್ತು ವರ್ಷ ಬಲೆ ಎಳೆದವನು
ತೋಟಕ್ಕೆ ಬಂದದ್ದು ಇದೇ ಮೊದಲು;
ದೋಣಿ ಮಾರಿಯಾಗಿತ್ತು.

ಹೂಂ ಎಂದ. ಹೂಂ ಎಂದು
ಒಂದು ಸಾಲು ಪೂರ್ತಿ ಬುಡಮೇಲಾಗಿ ನೆಟ್ಟ.
ಅವಳು ನೋಡಿದಳು. ಬಾಯಿ ತೆರೆದಳು.
ಅವನ ಬೆರಳು ಮಣ್ಣಿನಲ್ಲಿ
ಬಲೆಯ ಗಂಟು ತಡವುವಂತೆ ಆಡುತ್ತಿತ್ತು.
ಮುಚ್ಚಿದಳು.

ಮೇ ಮುಗಿಯುವಾಗ ಎಲ್ಲ ಸಾಲಿನಲ್ಲೂ ಹಸಿರು ಸೂಜಿ, ನೆಟ್ಟಗೆ.
ಆ ಸಾಲು ಮಾತ್ರ ವಾರ ತಡ.
ಮಣ್ಣೊಳಗೇ ಒಂದು ಸುತ್ತು ಹಾಕಿ, ಕತ್ತು ಬಳುಕಿಸಿ,
ಬೆಳಕೆಲ್ಲಿ ಎಂದು ಯಾರನ್ನೂ ಕೇಳದೆ
ಬಂದವು.

ಆಗಸ್ಟಿನಲ್ಲಿ ಜಡೆ ಹೆಣೆದು ರಸ್ತೆಬದಿ ತೂಗುಹಾಕಿದಳು.
ತಾರ್ತುವಿನ ಕಾರೊಂದು ನಿಂತಿತು.
"ಆ ಕೊಕ್ಕೆ ಕತ್ತಿನವು ಎಷ್ಟು?"
"ಅವು ಮಾರಾಟಕ್ಕಿಲ್ಲ. ಕತ್ತು ದಪ್ಪ,
ಚಳಿಗಾಲ ತಾಳುವುದಿಲ್ಲ," ಅಂದಳು ಲುಕೇರ್ಯ,
"ನಾವೇ ಮೊದಲು ತಿನ್ನಬೇಕು."