ನಡಾವಳಿ ಬರೆದವಳು

ಸಭೆ ಶುರುವಾದದ್ದು ಹನ್ನೊಂದೂಕಾಲಿಗೆ.
ನಡಾವಳಿಯಲ್ಲಿ ಹನ್ನೊಂದು ಎಂದು ಬರೆದೆ.
ಇಪ್ಪತ್ತೆರಡು ವರ್ಷದಿಂದ ಹೀಗೇ,
ದೊಡ್ಡವರ ತಡವನ್ನೆಲ್ಲ ನನ್ನ ಪೆನ್ನು ನುಂಗುತ್ತ ಬಂದಿದೆ.

ವಿಷಯ ಒಂದು: ವಿಶ್ವವಿದ್ಯಾಲಯದಲ್ಲಿ ಕೃತಕ ಬುದ್ಧಿಮತ್ತೆ, ನೀತಿ ಮತ್ತು ನಿಯಮ.
ಕರಡು ಹದಿನಾಲ್ಕು ಪುಟ.
ಬಿ.ಎಂ. ರಸ್ತೆಯ ಜೆರಾಕ್ಸ್ ಅಂಗಡಿಯಿಂದ ಬಂದಾಗ
ಹೆಂಚಿನಿಂದ ಇಳಿಸಿದ ಅಕ್ಕಿರೊಟ್ಟಿಯ ಹಾಗೆ ಬೆಚ್ಚಗಿತ್ತು.

ಧರಣೇಂದ್ರಯ್ಯ ಮೇಷ್ಟ್ರು ‘ನೀತಿ’ಯ ಮೇಲೇ ಅರ್ಧ ಗಂಟೆ ಕೂತರು.
ನೀತಿ ಅಂದರೆ ಪಾಲಿಸಿಯೋ, ಎಥಿಕ್ಸೋ?
ಎರಡಕ್ಕೂ ಒಂದೇ ಮಾತಿರುವುದು
ಕನ್ನಡದ ಬಡತನವೋ, ಎಚ್ಚರವೋ?
ಲೋಬೋ ಸರ್ ಗಡಿಯಾರ ನೋಡಿದರು.
ನಸ್ರೀನ್ ತಾಜ್ ಮೇಡಂ ಯಂತ್ರ ನೂರಕ್ಕೆ ಎಷ್ಟು ಸಲ ತಪ್ಪುತ್ತದೆಂದು
ಬೋರ್ಡಿನ ಮೇಲೆ ಲೆಕ್ಕ ಹಾಕಿ
ಡಸ್ಟರ್ ಸಿಗದೆ ಅಂಗೈಯಲ್ಲಿ ಒರೆಸಿದರು.
ಉದ್ದಿನ ವಡೆ ಬಂತು.
ವಡೆಯ ಬಗ್ಗೆ ಭಿನ್ನಾಭಿಪ್ರಾಯ ಇರಲಿಲ್ಲ.

ಆಮೇಲೆ ಜೀವಿತಾಳನ್ನು ಕರೆದರು.
ಅರಕಲಗೂಡಿನ ಕಡೆಯವಳು, ಸಸ್ಯಶಾಸ್ತ್ರ, ಎರಡನೇ ವರ್ಷ.
ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು:
ಆಲೂಗಡ್ಡೆಯ ಅಂಗಮಾರಿ, ಹನ್ನೊಂದು ಹೊಲ, ಎಪ್ಪತ್ಮೂರು ದಿನ,
ಹಾಳೆಗಳ ಸಂದಿಯಲ್ಲಿ ಕೆಮ್ಮಣ್ಣು.
ಅವಳ ವರದಿ ಯಂತ್ರ ಬರೆದದ್ದೆಂದು
ಇನ್ನೊಂದು ಯಂತ್ರ ಸಾಕ್ಷಿ ಹೇಳಿತ್ತು, ನೂರಕ್ಕೆ ತೊಂಬತ್ತೊಂದು.
ಮೊಬೈಲು ತೆಗೆದು ಒಂದೇ ಸಾಲು ಓದಿದಳು:
‘ನಿಮ್ಮ ವರದಿಯನ್ನು ತಿರಸ್ಕರಿಸಲಾಗಿದೆ.’
ಯಾರು ಸಾರ್, ತಿರಸ್ಕರಿಸಿದ್ದು?

ಯಾರೂ ಅಲ್ಲಮ್ಮ, ಸಿಸ್ಟಮ್ಮು, ಅಂದರು ಯಾರೋ.

ಹಂಗಾದ್ರೆ ಜಗಳ ಯಾರ ಹತ್ರ ಆಡ್ಲಿ?
ಹಾಸನಾಂಬೆ ಬಾಗಿಲು ವರ್ಷಕ್ಕೊಂದೇ ಸಲ ತೆಗೆದ್ರೂ
ತೆಗೆಯೋರು ಅಂತ ಇರ್ತಾರಲ್ಲ ಸಾರ್.

ನನ್ನ ಪೆನ್ನು ನಿಂತಿತು.
-ಲಾಗಿದೆ. -ಲಾಯಿತು. -ಲಾಗುವುದು.
ಯಂತ್ರ ಈ ಬಾಲವನ್ನು ಎಲ್ಲಿಂದ ಕಲಿಯಿತು?
ನನ್ನಂಥವರ ಫೈಲುಗಳಿಂದಲ್ಲದೆ ಇನ್ನೆಲ್ಲಿಂದ?
ಚರ್ಚಿಸಲಾಯಿತು, ಮುಂದೂಡಲಾಯಿತು,
ಮಾಲಿ ಜವರಯ್ಯನನ್ನು ಸೇವೆಯಿಂದ ಬಿಡುಗಡೆಗೊಳಿಸಲಾಯಿತು.
ಬಿಡಿಸಿದವರ ಹೆಸರು ಇಂದಿಗೂ ಯಾವ ಹಾಳೆಯಲ್ಲೂ ಇಲ್ಲ.
ಅಕ್ಷರ ನನ್ನದು.

ನನ್ನ ಹೆಸರು ಸಾಕಮ್ಮ.
ಐದನೆಯದೂ ಹೆಣ್ಣಾದಾಗ ಸಾಕು ಎಂದವಳು ಅಜ್ಜಿ.
ಆದರೆ ಅವಳು ಒಲೆಯ ಮುಂದೆ ಇದ್ದಳು, ಕಣ್ಣೆದುರಿಗೇ.
ಹನ್ನೆರಡು ತುಂಬಿದ ವರ್ಷ ಹೋಗಿ ನಿಂತು ಕೇಳಿದೆ,
ಯಾಕಿಟ್ಟೆ ಇದನ್ನ?
ಊದುಗೊಳವೆ ಕೆಳಗಿಟ್ಟಳು,
ಬಹಳ ಹೊತ್ತು ಹೊಗೆ ನೋಡಿದಳು.
ತಪ್ಪು ಮಾಡ್ಬಿಟ್ಟೆ ಕಣೆ, ಅಂದಳು.
ತಪ್ಪಾಯ್ತು ಅನ್ನಲಿಲ್ಲ.
ಮಾಡ್ಬಿಟ್ಟೆ ಅಂದಳು.
ಹೆಸರು ಹಾಗೇ ಉಳಿಯಿತು, ಮುಳ್ಳು ಮಾತ್ರ ಬಿತ್ತು.

ಸಭೆಗೆ ಬರುತ್ತೇನೆ.
ಚರಿತ್ರೆ ವಿಭಾಗದವರು ಬೇಲೂರಿನ ಮಾತೆತ್ತಿದರು,
ರೂವಾರಿಗಳು ಪೀಠದಂಚಿನಲ್ಲಿ ಹೆಸರು ಕೊರೆದು ಹೋದದ್ದು.
ಎಲ್ಲರೂ ತಲೆದೂಗಿದರು. ಕರಡಿಗೆ ಯಾರೂ ಸೇರಿಸಲಿಲ್ಲ.
ನೋಟ್‌ಬುಕ್ಕು ಕೈಯಿಂದ ಕೈಗೆ ಹೋಯಿತು.
ಲೋಬೋ ಸರ್ ಪುಟ ತಿರುವಿದಾಗ ಮೇಜಿನ ಮೇಲೆ ಒಂದಿಷ್ಟು ಮಣ್ಣುದುರಿತು,
ಬೆರಳ ತುದಿಯಲ್ಲಿ ಅದನ್ನು ಗುಡ್ಡೆ ಮಾಡುತ್ತ ಕೂತರು,
ಮತ್ತೆ ಗಡಿಯಾರ ನೋಡಲಿಲ್ಲ.
ಮುಂದಿನ ಸಭೆ ಇಪ್ಪತ್ತಾರಕ್ಕೆ.
ಅಲ್ಲಿಯವರೆಗೆ ಹುಡುಗಿಯ ವರದಿ
ಇತ್ತಲೂ ಇಲ್ಲ, ಅತ್ತಲೂ ಇಲ್ಲ.

ಸಂಜೆ ಟೈಪು ಮಾಡಲು ಕೂತೆ.
‘ತಿರಸ್ಕರಿಸಲಾಗಿದೆ’ಯ ಬಾಲ ಕತ್ತರಿಸಿ ‘ತಿರಸ್ಕರಿಸಿದವರು’ ಎಂದು ಮಾಡಿ
ಮುಂದೆ ಒಂದು ಹೆಸರು ಹಿಡಿಯುವಷ್ಟು ಜಾಗ ಬಿಟ್ಟೆ.
ಕಂಪ್ಯೂಟರು ಅದರಡಿ ಕೆಂಪು ಗೆರೆ ಎಳೆಯಿತು.
ಎಳೆದುಕೊಳ್ಳಲಿ.
ಕೆಳಗೆ, ಬರೀ ಸಹಿ ಗೀಚುವಲ್ಲಿ,
ಬರೆದವಳು: ಸಾಕಮ್ಮ, ದ್ವಿತೀಯ ದರ್ಜೆ ಸಹಾಯಕಿ.
ಆಮೇಲೆ ಮೊದಲ ಸಾಲಿಗೆ ಹೋಗಿ
ಹನ್ನೊಂದನ್ನು ಹನ್ನೊಂದೂಕಾಲು ಮಾಡಿದೆ.

ದುದ್ದದ ಬಸ್ಸು ಅಷ್ಟರಲ್ಲಿ ಹೊರಟುಹೋಗಿತ್ತು.