ಮಾಳಿಗಿ ಮ್ಯಾಲಿನ ಚೈನಾ

ಸ್ಟೇಶನ್ ರೋಡಿನ ಹಳೇ ಲಾಜಿನ ಬಾಜೂಕ
ಕಟಿಗಿ ಪಾವಟಿಗಿ, ಹದಿನೇಳು.
ಎಂಟನೇದು ಸಡಲ. ಗೊತ್ತಿದ್ದವರು ದಾಟತಾರ,
ಗೊತ್ತಿಲ್ಲದವರು ಬಂದದ್ದು ಅದಽ ಕೂಗಿ ಹೇಳತೈತಿ.

ಅಮಾಸಿ ದಿನ ನಮ್ಮ ಅಂಗಡಿ ಬಂದ್.
ಮಶೀನಿಗೆ ಮುಸುಕು ಹಾಕಿ ನಾನು, ಮಾಲನಬಿ
ಮುಂಜಾನೆ ಬರೇ ಚಾ ಕುಡದು
ಹೊಟ್ಟಿ ಖಾಲಿ ಇಟಗೊಂಡು ಬರತೀವಿ.
ನೂರಾ ಎಂಬತ್ತು ರೂಪಾಯಿ, ಬೇಕಾದಷ್ಟು ಉಣ್ಣು,
ಬಿಟ್ಟರ ಐವತ್ತು ದಂಡ ಅಂತ ಗ್ವಾಡಿಗೆ ಬರದಾರ.
ದಂಡದ ಸೊನ್ನಿ ಯಾವಾಗೋ ಅಳಿಸಿ ಹೋಗೇತಿ,
ಈಗ ಓದಿದರ, ಬಿಟ್ಟರ ಐವತ್ತು ದಡ.
ಹೊಳಿ ಇಲ್ಲದ ಹುಬ್ಬಳ್ಳ್ಯಾಗ
ಐವತ್ತು ದಡ!

ಒಳಗ ಮಟಮಟ ಮಧ್ಯಾಹ್ನಕ್ಕೂ ದೀಪ ಹಚ್ಚೂ ಹೊತ್ತು.
ಕೆಂಪು ಕಾಗದದ ಬುಡ್ಡ್ಯಾಗ ಸತ್ತ ಹುಳ,
ಮೀನಿನ ಗಾಜಿನ ಪೆಟಿಗ್ಯಾಗ ಮೀನಿಲ್ಲ,
ಒಂದು ನೀಲಿ ಕಲ್ಲು, ಒಂದು ಕೀಲಿ ಗೊಂಚಲ.
ಕುರ್ಚಿ ರೆಕ್ಸಿನ್ ಬಾಯಿ ತಗದು ಸ್ಪಂಜು ತೋರಸತೈತಿ.
ಬಾಗಲ ಪಡದೆ ಮ್ಯಾಲ ಬಂಗಾರ ದಾರದ ಹಾವು,
ಕಾಲು, ಮೀಸಿ ಎರಡೂ ಇದ್ದ ಹಾವು.
ಅದರ ಬಾಲದ ಹೊಲಿಗಿ ಬಿಚ್ಚಿ
ಎರಡು ವರ್ಷ ಆತು, ನನ್ನ ಕಣ್ಣಾಗ ಚುಚ್ಚತೈತಿ.
ಹೊಲಿಯೋರ ಹಾಳು ಚಟ,
ಮಾರಿಗಿಂತ ಮೊದಲ ಅಂಚು ಕಾಣತೈತಿ.

ಸ್ಟೀಲಿನ ತೊಟ್ಟಿ ಆರು, ತಳಗ ಸಣ್ಣ ಉರಿ.
ನೂಡಲ್ಸು ಒಂದಕ್ಕೊಂದು ಜಡಿ ಹಾಕ್ಕೊಂಡು ಕುಂತಾವ,
ಅನ್ನದಾಗ ಗಜ್ಜರಿ ಎಣಿಸಿ ಹಾಕಿದಂಗ.
ಗೋಬಿ ಕೆಂಪಂದ್ರ ಕೆಂಪು, ಈಗ ಓಕಳಿ ಆಡಿ ಬಂದಂಗ.
ಮಾಲನಬಿ ಒಂದು ತುಂಡು ಬೆಳಕಿಗೆ ಹಿಡದು ಅಂತಾಳ:
"ಇದು ಕಾಯಿ ಕೆಂಪಲ್ಲ, ಡಬ್ಬಿ ಕೆಂಪು.
ಬ್ಯಾಡಗಿಯಾಗ ಹುಟ್ಟಿದಾಕಿ ಮುಂದ ಸುಳ್ಳು ನಡ್ಯಾಂಗಿಲ್ಲ."
ಅಂದು, ಎರಡನೇ ಸಲ ಹಾಕ್ಕೋತಾಳ.

ನಮ್ಮ ಲೆಕ್ಕ ಹಿಂಗ:
ಮೂರು ಸೀರಿಗೆ ಫಾಲ್ ಹಚ್ಚಿದರ ಒಂದು ಊಟ.
ಮೊದಲನೇ ತಾಟು ಒಂದು ಸೀರಿ,
ಎರಡನೇದು ಎರಡು,
ಮೂರಕ್ಕ ರೊಕ್ಕ ವಸೂಲ.
ನಾಕನೇದು ಪೂರಾ ಲಾಭ, ಖರೆ,
ಲಾಭ ಗಂಟಲದಾಗ ಇಳಿಯಂಗಿಲ್ಲ.
ದಡ ಮುಟ್ಟಬಾರದಂತ ಸೋಡಾ ಕುಡದು ಕುಂತು ಉಂಡೀವಿ.

ಗಲ್ಲಾದಾಗ ಡೋಲ್ಕರ್. ಓಣಿ ಮಂದಿಗೆ ಡೋಲವ್ವ.
ಹುಟ್ಟಿದ್ದು ಮುಂಡಗೋಡ ಕ್ಯಾಂಪು,
ಗಿರಾಕಿ ಚಿಲ್ಲರ ಇಲ್ಲಂದ್ರ ಬೈಯೂದು ಅಪ್ಪಟ ಹುಬ್ಬಳ್ಳಿ.
ನಡಾಕ ಮೂರು ತುಂಡು ಕೂಡಿಸಿದ ಪಟ್ಟಿಪಟ್ಟಿ ಅರಿವಿ,
ಗೆರಿಗೆ ಗೆರಿ ಕೂಡಿಲ್ಲ.
"ಯಾರು ಹೊಲದಾರ್ರೀ, ಹಿಂಗ್ಯಾಕ?" ಅಂದ್ರ
"ನಮ್ಮವ್ವ. ಬೇಕಂತನಽ ಕೂಡಸೂದಿಲ್ಲ" ಅಂತಾಳ.

ಒಮ್ಮೆ ಕೇಳೇಬಿಟ್ಟಿದ್ದೆ:
"ಮತ್ತ ಚೈನಾ ಅಂತ ಯಾಕ ಬರಸೀರಿ?"
ಆಕಿ ರೊಕ್ಕ ಎಣಸೂದು ನಿಲ್ಲಸಲಿಲ್ಲ.
"ಚೈನಾ ಅಂತ ಬರದರ ಉಣ್ಣಾಕ ಬರತಾರ.
ಟಿಬೆಟ್ ಅಂತ ಬರದರ
ಸ್ವೆಟರ್ ಎಷ್ಟಕ್ಕ ಅಂತಾರ."
ಮಾಲನಬಿ ಗಪ್ಪನ ನಕ್ಕಳು, ನಾನೂ ನಕ್ಕೆ.
ಆಮ್ಯಾಲ ಭಾಳ ಹೊತ್ತು
ಇಬ್ಬರೂ ತಾಟಿನ ಕಡೆನಽ ನೋಡಕೋತ ಕುಂತ್ವಿ.

ಈ ಅಮಾಸಿ ತಡೀಲಿಲ್ಲ.
ಕೈ ತೊಳಕೊಂಡು ಬಂದು
ಕೊರಳಾಗಿನ ಟೇಪು ತಗದು ಪಡದೆಗೆ ಹಿಡದೆ.
"ಪಗಾರಿಲ್ಲದ ಕೆಲಸ ಬ್ಯಾಡವ್ವ" ಅಂದ್ಲು ಡೋಲವ್ವ.
ಅಂದಾಕಿ ತಾನಽ ಸ್ಟೂಲ್ ಹತ್ತಿ ಕೊಂಡಿ ಬಿಚ್ಚಿದ್ಲು.
ಪಡದೆ ಹೋದ ಬಾಗಲದಾಗ
ಅಡಗಿ ಮನಿ ಕಂಡಿತು:
ಒಂದು ಒಲಿ, ಒಬ್ಬ ಹುಡುಗ,
ಉಗಿ ಬರೂ ಬೆಳ್ಳನ ಉಂಡಿ, ಸುರುಳಿ ಸುರುಳಿ,
ಬೋರ್ಡಿನ್ಯಾಗ ಇಲ್ಲದ್ದು.
ನಾಕು ಕಟ್ಟಿ ಕೊಟ್ಟಳು, ಬಿಸಿ ಬಿಸಿ.
ಹೊಟ್ಟ್ಯಾಗ ಜಾಗಾ ಇಲ್ಲ,
ದುರ್ಗದಬೈಲ ಬರೂದ್ರಾಗ ಮೂರು ಖಾಲಿ.

ರಾತ್ರಿ ಮಶೀನಿನ ಮುಸುಕು ತಗದೆ.
ಬಂಗಾರ ದಾರ ನನ್ನ ಡಬ್ಬ್ಯಾಗ ಎಲ್ಲಿಂದು?
ಲಂಗಕ್ಕ ಹಚ್ಚಿ ಉಳಿದ ಅರಿಷಿಣ ದಾರ ಪೋಣಿಸಿದೆ.
ಬಾಲ ಎಲ್ಲಿತನಕ ಇತ್ತೋ ಯಾರಿಗೆ ಗೊತ್ತು,
ಅಂದಾಜಿಗೆ ಒಂದು ಸುತ್ತು ಹೆಚ್ಚಽ ಹಾಕಿದೆ.
ಹಳೇದು ಹೊಸಾದು ಕೂಡೂ ಜಾಗಾ
ಎದ್ದು ಕಾಣತೈತಿ.
ಕಾಣಲಿ.